ಬೊಂತೆಯ ಮೂಲೆಯ ಬೆಲ್ಲ

ಆಗ ನನಗೆ ಅರವತ್ತೆರಡು. ಇದು ಹದಿನೆಂಟು ವರ್ಷದ ಹಿಂದಿನ ಮಾತು. ಹಿಂದೂಪುರದ ನಮ್ಮ ಬೀದಿಯ ಹೆಂಗಸರಿಗೆಲ್ಲ ಒಂದೇ ಕೆಲಸ, ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವುದು. ಬೇಸಿಗೆ ಮುಗಿದರೆ ಅದೂ ಇಲ್ಲ. ಕಾರ್ತೀಕದ ಚಳಿಯಲ್ಲಿ ಜಗುಲಿಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ, ಇವರ ಮನೆ ಸುದ್ದಿ ಅವರಿಗೆ, ಅವರ ಮನೆ ಸುದ್ದಿ ಇವರಿಗೆ ಹೇಳುತ್ತ ಕೂರುವುದು.

ಅಂಥ ಒಂದು ದಿನ ಕಲ್ಯಾಣದುರ್ಗದಿಂದ ನನ್ನ ನಾದಿನಿ ಬಂದಳು. ಗಂಡನ ತಂಗಿ. ಅಲ್ಲಿ ದಿಕ್ಕಿಲ್ಲದ ಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅವಳನ್ನು ಕಂಡರೆ ನನಗಾಗದು, ನನ್ನನ್ನು ಕಂಡರೆ ಅವಳಿಗಾಗದು. ಆದರೂ ವರ್ಷಕ್ಕೊಮ್ಮೆ ಬಂದು ನನ್ನ ಸಾರಿಗೆ ಉಪ್ಪು ಕಮ್ಮಿ ಅಂದು ಹೋಗದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಅತ್ತಿಗೆ, ಆ ಮಕ್ಳು ಬರೀ ನೆಲದ ಮ್ಯಾಲೆ ಮುದುರ್ಕಂಡು ಮಲಗ್ತವೆ. ಒಂದು ದುಪ್ಪಟಿಗೆ ಮೂರು ಮೂರು. ಒಬ್ಬ ಎಳ್ಕಂಡ್ರೆ ಇನ್ನಿಬ್ರು ಬಯಲಾಗೆ" ಎಂದಳು.

"ಅದಕ್ಯಾಕೆ ಅಷ್ಟು ಗೋಳು? ನಾವು ಬೊಂತೆ ಹೊಲ್ದು ಕೊಡ್ತೀವಿ ಬಿಡು" ಎಂದೆ. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿದರೆ ಅದೇ ಬೊಂತೆ. ನಮ್ಮ ಬೀದಿಯಲ್ಲಿ ಅದು ಬಾರದ ಹೆಂಗಸಿಲ್ಲ.

ನಾದಿನಿ ಮೂಗು ಮುರಿದಳು. "ನಿಮ್ಮ ಚಿಂದಿ ಯಾರಿಗೆ ಬೇಕು? ನಮ್ಮೂರೋರು ಕಂಬಳಿ ಕೊಡ್ತೀವಿ ಅಂದವ್ರೆ. ಕಂಬಳಿ ಅಂದ್ರೆ ಗತ್ತು. ನಿಲ್ಸಿದ್ರೆ ನಿಂತ್ಕಂತದೆ."

"ನಿಂತ್ಕಣದೆ ಏನ್ಮಾಡ್ತದೆ? ನಮ್ಮ ಹುಣಸೆ ಬೀಜದ ಗಂಜಿ ಕುಡ್ದೈತಲ್ಲ!"

ಕಂಬಳಿಗೆ ಹಾಕುವ ಗಂಜಿ ಹುಣಸೆ ಬೀಜದ್ದೇ. ಜಗುಲಿಯವರೆಲ್ಲ ಹೋ ಎಂದು ನಕ್ಕರು. ನಾದಿನಿಗೆ ಉರಿಯಿತು.

"ಆಯ್ತು ಕಣತ್ತಿಗೆ. ಎರಡೂ ಗುಡ್ಡೆ ಹಾಕಿ ಮಕ್ಳನ್ನ ಬಿಡಾಣ. ನಿನ್ನ ಬೊಂತೆ ಹೋದ ಬಸ್ಸಲ್ಲೇ ವಾಪಸ್ ಬರ್ದಿದ್ರೆ ಕೇಳು."

"ಒಂದೇ ಒಂದು ವಾಪಸ್ ಬಂದ್ರೆ ಈ ಬೀದಿ ನಲ್ಲಿಗೆ ನಾನು ಕೊಡ ಇಡಲ್ಲ, ಹೋಗೇ!" ಎಂದುಬಿಟ್ಟೆ. ಬೀದಿಗೆ ಇದ್ದದ್ದು ಒಂದೇ ನಲ್ಲಿ. ಇಡೀ ಬೀದಿ ಕೇಳಿಸಿಕೊಂಡಿತು. ಇನ್ನು ನುಂಗುವ ಹಾಗಿಲ್ಲ.

ಮಾರನೆ ದಿನದಿಂದ ಮನೆ ಮನೆಗೆ ಹೋಗಿ ಸೀರೆ ಕೇಳಿದೆ. ಎದುರುಮನೆಯವಳು, "ನನ್ನ ಹತ್ರ ಹಳೇದೇ ಇಲ್ಲ ಕಣಕ್ಕ, ಎಲ್ಲ ಹೊಸವೇ" ಎಂದಳು. "ನಿನ್ನ ಮದುವೆ ಸೀರೆ ನಾನು ನೋಡಿಲ್ವಾ? ಅದು ಧಾರೆ ದಿನಾನೇ ಹಳೇದಾಗಿತ್ತು, ತೆಗಿ" ಎಂದೆ. ನಗುತ್ತ ಎರಡು ತಂದುಕೊಟ್ಟಳು. ಕೂಲಿ ಗೀಲಿ ಇಲ್ಲ ಅಂತ ಮೊದಲೇ ಹೇಳಿದ್ದೆ. ಆದರೂ ಬೀದಿಯ ಭಜನೆ ಮನೆ ತುಂಬ ಹೆಂಗಸರು. ಒಂದು ಬೊಂತೆಗೆ ನಾಲ್ಕು ಜನ, ನಾಲ್ಕು ಕಡೆಯಿಂದ ಹೊಲಿಗೆ, ಕೈಗಿಂತ ಬಾಯಿ ಜೋರು. ಎದುರುಮನೆಯವಳು ಮಾತಿನ ಭರದಲ್ಲಿ ತನ್ನ ಸೆರಗನ್ನೇ ಸೇರಿಸಿ ಹೊಲಿದುಕೊಂಡಳು. ಹಾಲಿನವನು ಕೂಗಿದ ಅಂತ ಎದ್ದಳು ನೋಡಿ, ಬೊಂತೆಯೂ ಎದ್ದಿತು, ಬೊಂತೆಯ ಮೇಲೆ ಕೂತಿದ್ದ ಮುದುಕಿ ಉರುಳಿದಳು. ನಕ್ಕು ನಕ್ಕು ಒಬ್ಬಳು ಸೂಜಿ ಕಳೆದಳು. ಅದನ್ನು ಹುಡುಕುವಷ್ಟರಲ್ಲಿ ಹೊತ್ತು ಮುಳುಗಿತು. ಮಕ್ಕಳು ಮಲಗುವ ಬೊಂತೆಯಲ್ಲಿ ಸೂಜಿ ಬಿಡಲಾದೀತೇ?

ನಮ್ಮಲ್ಲಿ ಒಂದು ಪದ್ಧತಿ ಇದೆ. ಬೊಂತೆಯ ಕೊನೆಯ ಮೂಲೆಯನ್ನು ಹಾಗೇ ಮುಚ್ಚುವುದಿಲ್ಲ. ಚಿಟಿಕೆ ಅಕ್ಕಿ, ಚೂರು ಬೆಲ್ಲ ಒಳಗಿಟ್ಟು ಹೊಲಿಯಬೇಕು. ಬೊಂತೆಯ ಹೊಟ್ಟೆ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತದು ಅಂತ ನಮ್ಮಮ್ಮ ಹೇಳುತ್ತಿದ್ದಳು. ಮನೆಗೆ ಹೊಲಿಯುವಾಗ ಸಾಸಿವೆಯಷ್ಟು ಬೆಲ್ಲ ಇಟ್ಟರೆ ಮುಗಿಯಿತು. ಇಲ್ಲಿ ಹಾಗಾಗಲಿಲ್ಲ. "ಮಕ್ಳದ್ದಲ್ವಾ, ಇನ್ನೊಂಚೂರು ಹಾಕು" ಎಂದಳು ಒಬ್ಬಳು. "ಅವಳು ಹಾಕಿದ್ದಕ್ಕಿಂತ ನಾನೇನು ಕಮ್ಮಿ?" ಎಂದಳು ಇನ್ನೊಬ್ಬಳು. ಕೊನೆಗೆ ನಿಂಬೆಹಣ್ಣಿನ ಗಾತ್ರದ ಉಂಡೆಗೆ ಬಂತು. ಮೇಲೆ ಒಂದು ಹಿಡಿ ಹುರಿಗಡಲೆ ಬೇರೆ. ನಾನು ಬೇಡ ಅನ್ನಲಿಲ್ಲ. ನನ್ನವೇ ಎಲ್ಲಕ್ಕಿಂತ ದಪ್ಪ.

ಮೂಟೆ ಕಟ್ಟಿ ಬಸ್ ಸ್ಟ್ಯಾಂಡಿಗೆ ತಂದರೆ ಕಂಡಕ್ಟರ್ ಅಡ್ಡ ನಿಂತ. "ಇಷ್ಟೊಂದು ಮೂಟೆ ಆಗಲ್ಲವ್ವ."

"ಮೂಟೆ ಆಗಲ್ಲ ಅಂದ್ರೆ ನಾನೂ ಆಗಲ್ಲ. ನನ್ನನ್ನೂ ಟಾಪಿನ ಮ್ಯಾಲೇ ಎಸಿ, ಅವುಗಳ ಜೊತೆ ಬತ್ತೀನಿ."

ಅವನು ನನ್ನ ಗಾತ್ರ ನೋಡಿ ಮೂಟೆಯೇ ವಾಸಿ ಎಂದು ಏರಿಸಿಕೊಂಡ.

ಹಾಸ್ಟೆಲಿನ ಅಂಗಳದಲ್ಲಿ ಆಗಲೇ ಕಂಬಳಿ ಗುಡ್ಡೆ ಬಿದ್ದಿತ್ತು. ಕರಿ ಕಂಬಳಿ, ಅಂಚಿಗೆ ಬಿಳಿ ಪಟ್ಟಿ. ಸುಳ್ಳು ಯಾಕೆ, ಚೆನ್ನಾಗಿದ್ದವು. ಪಕ್ಕದಲ್ಲಿ ನನ್ನ ಬೊಂತೆಗಳನ್ನು ಸುರಿದೆ. ಹಾಸ್ಟೆಲ್ ನೋಡಿಕೊಳ್ಳುವ ಮೇಡಂ ಎರಡನ್ನೂ ನೋಡಿ, "ಒಬ್ಬೊಬ್ರಿಗೆ ಒಂದೇ. ಮಿಕ್ಕಿದ್ದು ನೀವೇ ತಗೊಂಡ್ಹೋಗಿ. ಇಡೋಕೆ ರೂಮಿಲ್ಲ, ಇಲಿ ಕಾಟ" ಎಂದರು.

ಮಕ್ಕಳು ಸಾಲಾಗಿ ನಿಂತವು. ಮೊದಲನೆಯವನು ಎತ್ತರದ ಹುಡುಗ. ನೆಟ್ಟಗೆ ಹೋಗಿ ಕಂಬಳಿ ಎತ್ತಿ ಹೆಗಲ ಮೇಲೆ ಹಾಕಿಕೊಂಡ, ಊರ ಗೌಡನ ಹಾಗೆ. ಅಷ್ಟೇ. ಹಿಂದಿನವರೆಲ್ಲ ಕುರಿ ಹಿಂಡಿನಂತೆ ಕಂಬಳಿ, ಕಂಬಳಿ, ಕಂಬಳಿ. ನನ್ನ ಬೊಂತೆಗಳ ಕಡೆ ಒಂದು ನಾಯಿ ಬಂದು ಮೂಸಿ ಹೋಯಿತು.

ನಾದಿನಿ ಅಡುಗೆ ಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. "ಅತ್ತಿಗೆ, ಬಸ್ ನಾಕು ಗಂಟೆಗೈತೆ. ಮೂಟೆ ಕಟ್ಟಕ್ಕೆ ಹಗ್ಗ ಬೇಕಾ?"

"ನಿನ್ನ ಬಾಯಿಗೆ ಕಟ್ಟಕ್ಕೆ ಬೇಕು, ತಾ" ಎಂದೆ. ನಲವತ್ತು ಬೊಂತೆ ಇಳಿಸಿಕೊಂಡು ಬೀದಿಯಲ್ಲಿ ಹೇಗೆ ನಡೆಯುವುದು?

ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಹುಡುಗಿ, ಮೂಗು ಸೋರುತ್ತಿತ್ತು. ಕಂಬಳಿ ಎತ್ತಲು ಅವಳಿಂದ ಆಗಲಿಲ್ಲ. ಸೋತು ಬಂದು ನನ್ನ ಬೊಂತೆಗಳ ಮೇಲೆ ಕುಂತಳು. ಕುಂತವಳು ನೆಲವನ್ನೇ ನೋಡತೊಡಗಿದಳು. ನಾನೂ ನೋಡಿದೆ. ಇರುವೆ ಸಾಲು. ಗೋಡೆಯಿಂದ ಹೊರಟು ಅಂಗಳ ದಾಟಿ ನೆಟ್ಟಗೆ ಬೊಂತೆಯ ಮೂಲೆಗೆ. ಹುಡುಗಿ ಮೂಲೆ ಮೂಸಿದಳು. ಅದುಮಿದಳು. ಆಮೇಲೆ ನಾಯಿಮರಿ ಹಾಗೆ ಹಲ್ಲಿನಿಂದ ಹೊಲಿಗೆ ಕಿತ್ತಳು.

"ದೀಂಟ್ಲೋ ಬೆಲ್ಲಂ ಉಂದಿ!" ಎಂದು ತೆಲುಗಿನಲ್ಲಿ ಕಿರುಚಿದಳು. ಇದರಲ್ಲಿ ಬೆಲ್ಲ ಇದೆ!

ಅಷ್ಟೇ, ಕಂಬಳಿಗಳೆಲ್ಲ ಗಾಳಿಗೆ ಹಾರಿದವು. ಮಕ್ಕಳು ಬೊಂತೆ ಗುಡ್ಡೆಯ ಮೇಲೆ ಬಿದ್ದವು. ಚರಕ್, ಚರಕ್ ಎಂದು ಮೂಲೆ ಹರಿಯುವ ಸದ್ದು. ಅಕ್ಕಿ ಮಳೆ. ಊರ ಗೌಡನಂತೆ ನಿಂತಿದ್ದ ಹುಡುಗ ಈಗ ಬೊಂತೆಯೊಳಕ್ಕೆ ಭುಜದ ತನಕ ಕೈ ಹಾಕಿ ಹುರಿಗಡಲೆ ತಡಕುತ್ತಿದ್ದ. ಮೇಡಂ, "ಆಗಂಡ್ರಾ! ಆಗಂಡ್ರಾ!" ಎಂದು ಸುತ್ತ ಓಡಿದರು. ಯಾವ ಮಗುವೂ ನಿಲ್ಲಲಿಲ್ಲ. ನಾನು ನೆಲಕ್ಕೆ ಕುಸಿದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ.

ಮೇಡಂ ನಗಲಿಲ್ಲ. "ಇದೇನಮ್ಮ ಇದು? ಇರುವೆ ಮಕ್ಕಳನ್ನ ಕಚ್ಚಿ ತಿಂತವೆ. ಬೊಂತೆ ಬೇಡ. ಎಲ್ಲ ತಗೊಂಡ್ಹೋಗಿ."

ಆದರೆ ಕೊಡುವವರು ಯಾರು? ಒಂದೊಂದು ಮಗುವೂ ಒಂದೊಂದು ಬೊಂತೆ ಅಪ್ಪಿಕೊಂಡು, ಬೆಲ್ಲದ ಮೂಲೆ ಚೀಪುತ್ತ ನಿಂತಿತ್ತು. ಮೇಡಂ ಎಳೆದರೆ ಬೊಂತೆಯ ಜೊತೆ ಮಗುವೂ ಬರುತ್ತಿತ್ತು. ಅತ್ತ ಕಂಬಳಿಗಳು ಮಣ್ಣಲ್ಲಿ ಬಿದ್ದಿದ್ದವು. ನಾದಿನಿ ಸೌಟು ಕೆಳಗಿಟ್ಟು ಅವನ್ನು ಒಂದೊಂದಾಗಿ ಎತ್ತಿ ಒದರುತ್ತಿದ್ದಳು. ಅದನ್ನು ನಾನು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಚೆನ್ನಾಗಿ ನೋಡಿದೆ. ಆಮೇಲೆ ಎದ್ದೆ.

"ಮೇಡಮ್ಮಾ, ನೆಲ ತಣ್ಣಗೈತೆ. ಬೊಂತೆ ಕೆಳಗೆ ಹಾಸ್ಲಿ, ಕಂಬಳಿ ಮ್ಯಾಲೆ ಹೊದೀಲಿ. ಒಂದಿದ್ರೆ ಸಾಲಲ್ಲ. ಮೂಲೆಗಳನ್ನ ಈಗಲೇ ಕೊಡವಿ ಹೊಲ್ದು ಕೊಡ್ತೀನಿ."

ಮೇಡಂ ಮಕ್ಕಳ ಮುಖ ನೋಡಿದರು. "ಒಳಗೆ ತಿನ್ನೋದು ಏನೂ ಇರಬಾರದು" ಎಂದರು.

ಅಲ್ಲೇ ಕುಂತು ಹೊಲಿದೆ. ಕೊಡವಿದ ಅಕ್ಕಿಗೆ ಕೋಳಿಗಳು ಬಂದವು. ನಾದಿನಿ ಕರೆಯದೆ ಬಂದು ಸೂಜಿಗೆ ದಾರ ಪೋಣಿಸುತ್ತ ಪಕ್ಕದಲ್ಲಿ ಕುಂತಳು. ಮಕ್ಕಳು ಸುತ್ತ ಮುತ್ತಿಕೊಂಡವು. ಬೊಂತೆಯ ಹೊಟ್ಟೆ ಖಾಲಿ ಬಿಡಬಾರದು ಅಂತ ನಾನು ಹೇಳಿದ್ದೇ ತಪ್ಪಾಯಿತು. ಒಬ್ಬ ಅಂಗಿಯ ಗುಂಡಿ ತಂದ. ಒಬ್ಬಳು ಅರ್ಧ ಬಳೆ ತಂದಳು, ಗಾಜು ಬೇಡ ಅಂತ ಬೈದು ಕಳಿಸಿದರೆ ನವಿಲುಗರಿಯ ಎಳೆ ತಂದಳು. ಇನ್ನೊಬ್ಬ ಆಗಷ್ಟೇ ಬಿದ್ದ ಹಲ್ಲು ಕೊಟ್ಟ, ಇನ್ನೂ ಹಸಿ. "ಥೂ, ಇದನ್ನೂ ಹಾಕ್ಬೇಕೇನ್ಲಾ?" ಎಂದೆ. ಹಾಕಿದೆ. ತಿನ್ನೋದಲ್ಲವಲ್ಲ.

ಎಲ್ಲ ಮುಗಿಯುವಷ್ಟರಲ್ಲಿ ನಾಲ್ಕು ಗಂಟೆಯ ಬಸ್ಸು ಹೋಗಿತ್ತು. ಒಂದು ಬೊಂತೆಯೂ ಮಿಕ್ಕಿರಲಿಲ್ಲ. ನಾದಿನಿಯ ಮನೆಗೆ ಹೋದೆವು. ಮುದ್ದೆ ಇಟ್ಟಳು, ಸಾರು ಹೊಯ್ದಳು. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುತ್ತ, "ಅತ್ತಿಗೆ, ಒಂದು ಮಿಕ್ಕಿದ್ರೆ ನಾನೇ ಇಟ್ಕಳಾಣ ಅಂತಿದ್ದೆ" ಎಂದಳು.

"ಏನಂದೆ? ಕೇಳಿಸ್ಲಿಲ್ಲ."

"ಕೇಳಿಸ್ದಿದ್ರೆ ಬಿಡು, ಮುದ್ದೆ ನುಂಗು."

ಮಾರನೆ ದಿನ ಬೆಳಿಗ್ಗೆ ಅವಳು ಹಾಲಿಗೆ ಹೋಗಿದ್ದಾಗ ನಾನು ಅವಳ ಟ್ರಂಕು ತೆಗೆದೆ. ಮೂರು ಸೀರೆ ಆರಿಸಿ ಅಂಚು ಹರಿದೆ. ವಾಪಸ್ ಬಂದವಳು, "ಅಯ್ಯಯ್ಯೋ, ಆ ಹಸಿರುದು ಒಂದೇ ಸಲ ಉಟ್ಟಿದ್ದು ಕಣೇ ಮುಂಡೇದೇ!" ಎಂದು ಕೂಗಿದಳು. ನಾನು ಸೀರೆಗಳನ್ನು ಅವಳ ಜಗುಲಿಯ ಮೇಲೆ ಹಾಸಿ, ಒಂದು ತುದಿಯ ಮೇಲೆ ಅವಳನ್ನು ಕೂರಿಸಿ, ಇನ್ನೊಂದು ತುದಿಯಿಂದ ಹೊಲಿಯಲು ಶುರು ಮಾಡಿದೆ.