ಅಲೆ ಬರೆಯಲು ಕಲಿತ ಮಧ್ಯಾಹ್ನಗಳು

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಅಂಧೇರಿಯ ಒಂದು ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಓದುತ್ತಿದ್ದೆ. ಮನೆ ದಹಿಸರ್‌ನಲ್ಲಿ. ಆ ವರ್ಷ ನಮ್ಮ ವಿಭಾಗಕ್ಕೆ ಒಂದು ಕಂಪ್ಯೂಟರ್ ಬಂತು, ಜೊತೆಗೆ ಫ್ಲಾಪಿಗಳಲ್ಲಿ ಗಣಿತದ ಒಂದು ಸಾಫ್ಟ್‌ವೇರ್. ಸಮೀಕರಣ ಕೊಟ್ಟರೆ ಲೆಕ್ಕ ಮಾಡಿ ಗ್ರಾಫನ್ನೂ ಬರೆದು ತೋರಿಸುತ್ತದಂತೆ. ರಜೆಯಲ್ಲಿ ನಾನು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ ಎಂಬ ಒಂದೇ ಕಾರಣಕ್ಕೆ ವಿಭಾಗದ ಮೇಡಂ, ಮೊದಲು ನೀನು ಕಲಿತು ಆಮೇಲೆ ಉಳಿದವರಿಗೆ ಕಲಿಸು ಎಂದು ಕೋಣೆಯ ಕೀಲಿಕೈ ಕೊಟ್ಟುಬಿಟ್ಟರು.

ಆ ಕ್ಲಾಸಿನಲ್ಲಿ ನಾನು ಕಲಿತದ್ದು ಟೈಪಿಂಗ್‌ಗಿಂತ ಹೆಚ್ಚೇನಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು ಆ ಏಸಿ ಕೋಣೆಗೆ ಹೋಗಿ, ಕಂಪ್ಯೂಟರಿನ ಪ್ಲಾಸ್ಟಿಕ್ ಹೊದಿಕೆ ತೆಗೆದು ಮಡಚಿಟ್ಟು ದಿನವೂ ಅಳುಕುತ್ತಲೇ ಕೂರುತ್ತಿದ್ದೆ. ಕಪ್ಪು ಪರದೆಯ ಮೇಲೆ ಒಂದು ಗೆರೆ ಮಿನುಗುತ್ತ ಕೂತಿರುತ್ತಿತ್ತು. ನಾನು ಏನೋ ಬರೆಯುವುದು, ಅದು ಕುಂಯ್ ಎಂದು ತಪ್ಪು ತೋರಿಸುವುದು. ಒಂದು ಮಧ್ಯಾಹ್ನ ಸಾಲಿನ ಕೊನೆಗೆ ಹಾಕಬೇಕಾದ ಅರ್ಧವಿರಾಮ ಮರೆತೆ. ಪರದೆಯ ತುಂಬ ಅಂಕಿಗಳು ಮೇಲೆ ಓಡತೊಡಗಿದವು, ನಿಲ್ಲುವ ಲಕ್ಷಣವೇ ಇಲ್ಲ.

"ಅಯ್ಯೋ ದೇವ್ರೇ, ಏನಾಯ್ತು ಇದಕ್ಕೆ" ಎಂದೆ, ನನಗೆ ನಾನೇ.

"ಯಾಕ ತಂಗಿ, ಕನ್ನಡದಾಕಿ ಏನು ನೀ?"

ತಿರುಗಿ ನೋಡಿದರೆ ಬಾಗಿಲಲ್ಲಿ ನಮಗೆ ಅವಕಲ ಸಮೀಕರಣ, ಅಂದರೆ ಡಿಫರೆನ್ಷಿಯಲ್ ಈಕ್ವೇಶನ್, ಕಲಿಸುತ್ತಿದ್ದ ಸರ್. ಬೂಟು ಬಿಚ್ಚಿ ಸಾಕ್ಸಿನಲ್ಲಿ ನಿಂತಿದ್ದರು. ಕ್ಲಾಸಿನಲ್ಲಿ ಇಂಗ್ಲಿಷು, ಸ್ಟಾಫ್ ರೂಮಿನಲ್ಲಿ ಮರಾಠಿ ಮಾತಾಡುವ ಇವರು ಧಾರವಾಡದ ಕಡೆಯವರೆಂದು ನನಗೆ ಆವತ್ತೇ ಗೊತ್ತಾದದ್ದು.

ಆ ಸರ್ ಬೋರ್ಡಿನ ಮೇಲೆ ಗ್ರಾಫ್ ಬರೆಯುವುದನ್ನು ನೋಡಲೆಂದೇ ಬೇರೆ ವಿಭಾಗದವರೂ ಬಂದು ಕೂರುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಅದು ನಿಂತಿತ್ತು. ಗ್ರಾಫ್ ಬರೆಯುವ ಪ್ರಸಂಗ ಬಂದಾಗ ನಮ್ಮಲ್ಲಿ ಯಾರನ್ನಾದರೂ ಕರೆದು ಸೀಮೆಸುಣ್ಣ ಕೊಡುತ್ತಿದ್ದರು. ಅವರ ಬಲಗೈ ಸದಾ ಪ್ಯಾಂಟಿನ ಜೇಬಿನಲ್ಲಿರುತ್ತಿತ್ತು. ಆ ಕೈ ನಡುಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

"ಇದು ಅಲೆ ಬರೀತದೇನು? ಬರಬರತಾ ಸಣ್ಣಾಗಿ ತಣ್ಣಗಾಗೋ ಅಲೆ?" ಎಂದು ಕೇಳಿದರು.

"ಬರೆಯತ್ತೆ ಅಂತಾರೆ ಸರ್. ನಂಗೆ ಬರ್ತಿಲ್ಲ ಅಷ್ಟೆ."

"ಹಂಗಾದ್ರ ಇಬ್ಬರೂ ಕಲಿಯೋಣು" ಎಂದು ಕುರ್ಚಿ ಎಳೆದುಕೊಂಡರು.

ಅಂದಿನಿಂದ ಊಟದ ಬಿಡುವು ಮುಗಿದ ಮೇಲೆ ಇಬ್ಬರೂ ಅಲ್ಲಿ ಸೇರುತ್ತಿದ್ದೆವು. ಅವರು ಕೈಪಿಡಿ ಓದಿ ಹೇಳುವುದು, ನಾನು ಟೈಪ್ ಮಾಡುವುದು. ಅಲೆಗೆ ಬೇಕಾದ ಎರಡು ಸಾಲು ಅಂಕಿಗಳನ್ನು ಒಂದಕ್ಕೊಂದು ಗುಣಿಸಲು ಗುಣಾಕಾರದ ಗುರುತಿಗೆ ಮೊದಲು ಒಂದು ಚುಕ್ಕಿ ಇಡಬೇಕೆಂದು ಗೊತ್ತಾಗುವವರೆಗೆ ನಾವು ಪಟ್ಟ ಪಾಡು ಸಣ್ಣದಲ್ಲ. "ಒಂದು ಚುಕ್ಕಿ ಇಲ್ಲಂದ್ರ ಇಷ್ಟು ಸಿಟ್ಟೇನು ಇದಕ್ಕ? ನಮ್ಮ ಮನಿಯಾಕಿನೇ ವಾಸಿ" ಎಂದರು ಸರ್. ಚುಕ್ಕಿ ಇಟ್ಟ ಮರುಕ್ಷಣ ಪರದೆಯ ಮೇಲೆ ಅಲೆ ಎದ್ದಿತು. ಮೊದಲು ಎತ್ತರಕ್ಕೆ ಹೋಗಿ, ಆಮೇಲೆ ಕುಗ್ಗುತ್ತ ಕುಗ್ಗುತ್ತ ನೆಟ್ಟಗಿನ ಗೆರೆಯಾಯಿತು.

"ಈಗ ನಾ ಬರೀತೀನಿ, ಅತ್ಲಾಗ ಸರಿ" ಎಂದರು ಸರ್.

ಜೇಬಿನಿಂದ ಕೈ ಹೊರಗೆ ಬಂತು. ಬೆರಳು ಕೀಬೋರ್ಡಿನ ಕೀಲಿಯ ಮೇಲೆ ಊರಿ ನಡುಗಿತು. ಒಂದು ಎಸ್ ಬೇಕಾದಲ್ಲಿ ಎಸ್‌ಗಳ ಸಾಲೇ ಬಿತ್ತು. ಅಳಿಸಲು ಹೋದರು, ಅಲೆಯ ಸಮೀಕರಣವೇ ಅಳಿಸಿಹೋಯಿತು. ಮತ್ತೆ ಬರೆದರು, ಮತ್ತೆ ಹಾಗೇ ಆಯಿತು. ಆಮೇಲೆ ಕೈಯನ್ನು ಮೆಲ್ಲಗೆ ಜೇಬಿಗೆ ಸೇರಿಸಿ, "ಇವತ್ತಿಗೆ ಸಾಕು ತಂಗಿ" ಎಂದು ಎದ್ದರು. ಬೂಟಿನ ಲೇಸು ಕಟ್ಟಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ನಾನು ಪರದೆಯನ್ನೇ ನೋಡುತ್ತ ಕೂತೆ.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನೊಬ್ಬಳೇ ಕೈಪಿಡಿ ತಿರುವಿ ಹಾಕುತ್ತಿದ್ದಾಗ ನಾವು ಓದದೆ ಬಿಟ್ಟಿದ್ದ ಒಂದು ಅಧ್ಯಾಯ ಸಿಕ್ಕಿತು. ಬರೆಯಬೇಕಾದ ಸಾಲುಗಳನ್ನೆಲ್ಲ ಮೊದಲೇ ಒಂದು ಫೈಲಿನಲ್ಲಿ ಬರೆದಿಟ್ಟು ಅದಕ್ಕೊಂದು ಹೆಸರು ಕೊಟ್ಟರೆ, ಆ ಹೆಸರು ಟೈಪ್ ಮಾಡಿದರೆ ಸಾಕು, ಎಲ್ಲ ಸಾಲುಗಳೂ ತಾವಾಗಿ ನಡೆಯುತ್ತವೆ. ನಾನು ಫೈಲಿಗೆ ಒಂದೇ ಅಕ್ಷರದ ಹೆಸರಿಟ್ಟೆ. ಅಲೆ ಎಷ್ಟು ಬೇಗ ತಣ್ಣಗಾಗಬೇಕು ಎಂಬ ಅಂಕಿಯನ್ನು ಮಾತ್ರ ಅದು ಕೇಳುವ ಹಾಗೆ ಮಾಡಿದೆ. ಕೀಲಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ಅಕ್ಷರ ಒಂದೇ ಸಲ ಬೀಳುವ ಉಪಾಯವೂ ಕಂಪ್ಯೂಟರಿನಲ್ಲಿತ್ತು, ಅದನ್ನೂ ಹುಡುಕಿದೆ. ಆಮೇಲೆ ಸ್ಟಾಫ್ ರೂಮಿಗೆ ಹೋಗಿ, "ಸರ್, ಒಂದ್ಸಲ ಬಂದು ನೋಡಿ, ಸರಿಯಿದ್ಯಾ ಅಂತ ಗೊತ್ತಾಗ್ತಿಲ್ಲ" ಎಂದೆ.

ಬಂದರು. ಒಂದು ಅಕ್ಷರ ಒತ್ತಿದರು, ಒಂದು ಅಂಕಿ ಒತ್ತಿದರು. ಅಲೆ ಬಂತು. ಬೇರೆ ಅಂಕಿ ಕೊಟ್ಟರು. ಈ ಸಲ ಅಲೆ ಬೇಗ ಕುಗ್ಗಿತು. ಇನ್ನೊಂದು, ಮತ್ತೊಂದು.

"ನನ್ನ ಕೈ ಸಲುವಾಗಿ ಮಾಡಿದಿ ಏನು?" ಎಂದರು, ಪರದೆಯಿಂದ ಕಣ್ಣು ತೆಗೆಯದೆ.

"ಎಲ್ಲರೂ ಹೀಗೇ ಮಾಡ್ತಾರಂತೆ ಸರ್. ಪುಸ್ತಕದಲ್ಲೇ ಇದೆ."

"ಪುಸ್ತಕದಾಗ ಇರ್ತದ" ಎಂದರು. ಆಮೇಲೆ, "ಡಾಕ್ಟರು ಗುಳಿಗಿ ಕೊಟ್ಟಾರ. ಪೂರಾ ಹೋಗೂದಿಲ್ಲ ಅಂತಾರ. ಇನ್ನ ಕಲಿಸೂದು ಬಿಟ್ಟುಬಿಡೋಣು ಅಂತ ಮನಿಯಾಗ ಮಾತಾಗಿತ್ತು" ಎಂದರು.

ಮುಂದಿನ ವಾರ ಅವರು ನಮ್ಮ ಕ್ಲಾಸನ್ನೇ ಆ ಕೋಣೆಗೆ ಕರೆತಂದರು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತಿದ್ದೆವು. ಸರ್ ಎಲ್ಲರೆದುರು ಬಲಗೈಯನ್ನೇ ಮುಂದೆ ಚಾಚಿ ಕೀಲಿ ಒತ್ತಿದರು. ಅದು ನಡುಗುತ್ತಲೇ ಇತ್ತು. ಪರದೆಯ ಮೇಲೆ ಅಲೆ ಎದ್ದಾಗ ಹಿಂದಿನಿಂದ ಯಾರೋ, "ಸರ್, ಏಕ್ ಬಾರ್ ಔರ್" ಎಂದು ಇನ್ನೊಮ್ಮೆ ತೋರಿಸಲು ಕೇಳಿದರು. ಸರ್ ನಕ್ಕು ಇನ್ನೊಂದು ಅಂಕಿ ಕೊಟ್ಟರು.

ಅವರು ಕೆಲಸ ಬಿಡಲಿಲ್ಲ. ನಾನು ಪರೀಕ್ಷೆ ಮುಗಿಸಿ ಕಾಲೇಜು ಬಿಟ್ಟ ಮೇಲೂ ನಿವೃತ್ತಿಯಾಗುವವರೆಗೆ ಆ ಕೋಣೆಯಲ್ಲೇ ಪಾಠ ಮಾಡಿದರು. ಆ ಕೋಣೆಯ ಮೊದಲ ಕ್ಲಾಸಿನ ದಿನ ಸಂಜೆ ಇಬ್ಬರೂ ಸ್ಟೇಷನ್ನಿನವರೆಗೆ ನಡೆದೆವು. ಅವರಿಗೆ ಚರ್ಚ್‌ಗೇಟ್ ಕಡೆಯ ಲೋಕಲ್, ನನಗೆ ದಹಿಸರ್ ಕಡೆಯದು. ಸೇತುವೆಯ ಮೆಟ್ಟಿಲ ಬಳಿ ಜನ ನುಗ್ಗುತ್ತಿದ್ದರು. ಸರ್ ನಿಂತು, "ತಂಗಿ, ಸ್ವಲ್ಪ ಕೈ ಹಿಡಿ" ಎಂದರು. ನಾನು ಹಿಡಿದೆ. ಹಿಂದಿನವರು ಗೊಣಗುತ್ತಿದ್ದರೂ ನಾವು ನಿಧಾನವಾಗಿಯೇ ಹತ್ತಿದೆವು.