ಮಳೆಗಂಟೆ ಮತ್ತು ಮಡಚದ ಬಟ್ಟೆ

ನೆಂಟರು ಗೇಟಿನ ಹತ್ತಿರ ಬಂದಿದ್ದಾರೆಂದು ಗೊತ್ತಾದ ಕ್ಷಣದಿಂದ ಅವರು ಜಗಲಿ ಹತ್ತುವವರೆಗಿನ ಎರಡೇ ನಿಮಿಷದಲ್ಲಿ ಒಂದು ಸಂಸಾರ ಸಾಧಿಸುವ ಸ್ವಚ್ಛತೆಯನ್ನು ಅದೇ ಸಂಸಾರ ಉಳಿದ ವರ್ಷವೆಲ್ಲ ಹೆಣಗಿದರೂ ಸಾಧಿಸಲಾರದು ಎಂಬುದನ್ನು ನೀವೂ ಗಮನಿಸಿರುತ್ತೀರಿ. ನಮ್ಮ ನಡುಮನೆಯಲ್ಲಿ ಒಂದು ಬೆತ್ತದ ಕುರ್ಚಿಯಿದೆ. ಒಣಗಿಸಿ ತಂದ, ಇನ್ನೂ ಮಡಚಬೇಕಾದ ಬಟ್ಟೆಗಳು ಅದರ ಮೇಲೆ ಸದಾ ವಿರಾಜಮಾನವಾಗಿರುತ್ತವೆ. ಮನುಷ್ಯರಾದವರು ಅಲ್ಲಿ ಕೂತದ್ದು ನನಗೆ ನೆನಪಿಲ್ಲ. ಗೇಟು ಕಿರ್ರೆಂದ ಕೂಡಲೇ ಆ ರಾಶಿಯನ್ನು ಬಾಚಿ ತಬ್ಬಿಕೊಂಡು ಓಡಿ, ಮಂಚದ ಕೆಳಗೆ ನೂಕಿ, ಮುಖಕ್ಕೆ ಪ್ರಸನ್ನತೆಯನ್ನು ಧಾರಣ ಮಾಡಿಕೊಂಡು ಹೊರಬರುವುದು ನನ್ನ ವಾಡಿಕೆ. ಅಂತರಂಗ ಶುದ್ಧಿಯ ಬಗ್ಗೆ ಮೂವತ್ತು ವರ್ಷ ಕಾಲೇಜಿನಲ್ಲಿ ಗಂಟಲು ಹರಿದುಕೊಂಡ ಈ ಕನ್ನಡ ಮೇಡಂನ ಅಂತರಂಗವೆಲ್ಲ ಮಂಚದ ಕೆಳಗಿತ್ತೆಂದು ತಿಳಿಯದೇ ಹೋದದ್ದು ನನ್ನ ವಿದ್ಯಾರ್ಥಿಗಳ ಪುಣ್ಯ.

ಇದೇನು ದೊಡ್ಡ ಅಪರಾಧವೇ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ಈ ವಾಡಿಕೆ ಕಳೆದ ಜನವರಿಯಲ್ಲಿ ನಮ್ಮ ವರ್ಷದ ಕಾಫಿಯನ್ನೇ ನೀರುಪಾಲು ಮಾಡಲು ಹೊರಡುವವರೆಗೆ.

ವಿರಾಜಪೇಟೆ ಪಕ್ಕದ ಬಿಟ್ಟಂಗಾಲದಲ್ಲಿ ನಮ್ಮದೊಂದು ಅಂಗೈಯಗಲದ ಕಾಫಿ ತೋಟ. ಜನವರಿಯಲ್ಲಿ ಕೊಯ್ದ ಹಣ್ಣನ್ನು ಮನೆ ಮುಂದಿನ ಕಣದಲ್ಲಿ ಹರವಿದರೆ ಅದು ಒಣಗಲು ಎರಡು ವಾರವಾದರೂ ಬೇಕು. ನಡುವೆ ಒಂದು ಅಕಾಲದ ಮಳೆ ಬಿದ್ದರೆ ಮುಗಿಯಿತು, ಬೂಷ್ಟು ಹಿಡಿದು ವರ್ಷದ ದುಡಿಮೆ ಮಣ್ಣುಪಾಲು. ಆದ್ದರಿಂದ ನಮ್ಮವರು, ಅಂದರೆ ನನ್ನ ಯಜಮಾನರು, ಪ್ರತಿ ಜನವರಿಯಲ್ಲೂ ಕಣದಂಚಿಗೆ ಒಂದು ಮರದ ಕುರ್ಚಿ ಹಾಕಿಕೊಂಡು, ನೋಯುವ ಮೊಣಕಾಲನ್ನು ಚಾಚಿ, ಆಕಾಶದ ಮೇಲೆ ಗುಮಾನಿಯಿಟ್ಟು ಕೂರುತ್ತಾರೆ. ನಮ್ಮ ಬಂಧುಬಳಗದಲ್ಲಿ ಜನವರಿಯಲ್ಲಾದ ಯಾವ ಮದುವೆಯ ಫೋಟೋದಲ್ಲೂ ಅವರಿಲ್ಲ. ಈ ಸಲ ಕುಶಾಲನಗರದಲ್ಲಿ ಅವರ ಒಬ್ಬಳೇ ತಂಗಿಯ ಮೊಮ್ಮಗಳ ನಾಮಕರಣ. "ನೀನು ಹೋಗಿ ಬಾ, ನನ್ನದೇನು" ಎಂದು ಅವರು ಆಕಾಶದಿಂದ ಕಣ್ಣು ತೆಗೆಯದೆ ಅಂದರು. ಈ ಮನುಷ್ಯನನ್ನು ಒಂದು ದಿನಕ್ಕಾದರೂ ಆ ಕುರ್ಚಿಯಿಂದ ಎಬ್ಬಿಸಿ ಕಳಿಸಲೇಬೇಕೆಂದು ಹಟ ಹುಟ್ಟಿ, ಮಳೆಯ ಮೊದಲ ಹನಿ ಬಿದ್ದ ಕೂಡಲೇ ಬಡಿದುಕೊಳ್ಳುವ ಗಂಟೆಯೊಂದನ್ನು ಮಾಡುವುದೆಂದು ಸಂಕಲ್ಪಿಸಿದೆ.

ಅರವತ್ತೊಂದರ ಹೆಂಗಸು ಪ್ರೋಗ್ರಾಮಿಂಗ್ ಮಾಡುವುದುಂಟೇ ಎಂದು ಗಾಬರಿಯಾಗಬೇಡಿ. ಈಗ ಅಕ್ಷರ ಬರೆಯದೆ ಚಿತ್ರದಲ್ಲೇ ಪ್ರೋಗ್ರಾಂ ಕಟ್ಟುವ ತಂತ್ರಾಂಶ ಬಂದಿದೆ. ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ. ಮಳೆಹನಿಯನ್ನು ಗುರುತಿಸುವುದಕ್ಕೊಂದು, ಗಂಟೆಗೊಂದು, ದೀಪಕ್ಕೊಂದು. ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಮೌಸಿನಿಂದ ಒಂದು ಗೆರೆ ಎಳೆದರೆ ಅದೇ ತಂತಿ, ಅದೇ ಆಜ್ಞೆ. ರಂಗೋಲಿ ಬಲ್ಲವರಿಗೆ ಇದೇನು ಮಹಾ ಎಂದು ಶುರುಮಾಡಿದ ನನ್ನ ರಂಗೋಲಿ ಒಂದು ವಾರದಲ್ಲಿ ಕೋಳಿ ಕೆದರಿದಂತಾಯಿತು.

ನನ್ನನ್ನು ಕೈಹಿಡಿದು ಮೇಲೆತ್ತಿದ್ದು ತಂತಿ ಬಳಗ. ಕೊಡಗಿನ ಉದ್ದಗಲದಲ್ಲಿ ಇಂಥ ಪೆಟ್ಟಿಗೆ-ತಂತಿಗಳ ಹುಚ್ಚು ಹಿಡಿದ ಹದಿನೈದು ಮಂದಿಯ ವಾಟ್ಸಾಪ್ ಗುಂಪು ಅದು. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಕೂಡುತ್ತಾರೆ. ಇದರ ಅಧಿದೇವತೆ ಕಕ್ಕಬೆಯ ಬೋಜಮ್ಮಕ್ಕ. ತಮ್ಮ ಹೋಂಸ್ಟೇಯ ಅತಿಥಿಗಳಿಗೆ ಬಿಸಿನೀರು ಸಮಯಕ್ಕೆ ಸರಿಯಾಗಿ ಬರುವಂತೆ ಪ್ರೋಗ್ರಾಂ ಕಟ್ಟಿ, ಅತಿಥಿಗಳೂ ಸಮಯಕ್ಕೆ ಸರಿಯಾಗಿ ಸ್ನಾನ ಮಾಡುವಂತೆ ಗದರಿಸುವವರು. ಇನ್ನೊಬ್ಬರು ಅಶ್ರಫಣ್ಣ, ಮಡಿಕೇರಿಯ ಬೇಕರಿಯವರು. ಬನ್ನು ಬೆಂದಾಗ ಅವರ ಒಲೆಯೇ ಅವರ ಫೋನಿಗೆ ಸಂದೇಶ ಕಳಿಸುತ್ತದೆ. ಮನೆಯಲ್ಲಿ ಮಲಯಾಳಂ, ಅಂಗಡಿಯಲ್ಲಿ ಕನ್ನಡ, ತಂತಿ ಕೈಕೊಟ್ಟಾಗ ಎಲ್ಲ ಭಾಷೆಗಳೂ ಒಟ್ಟಿಗೆ ಅವರ ಬಾಯಿಂದ ಹೊರಡುತ್ತವೆ.

ಬಳಗಕ್ಕೆ ಇರುವುದು ಒಂದೇ ಕಟ್ಟಳೆ: ಸಹಾಯ ಮಾಡುವವರು ಎದುರಿನವರ ಮೌಸ್ ಮುಟ್ಟಬಾರದು. ಹಿಂದೊಮ್ಮೆ ಅಶ್ರಫಣ್ಣ ಯಾರದೋ ಮೌಸ್ ಕಸಿದು ಟಕಟಕನೆ ಎಲ್ಲ ಸರಿಮಾಡಿಕೊಟ್ಟರಂತೆ. ವಾರದ ನಂತರ ಅದು ಪುನಃ ಕೆಟ್ಟಾಗ ಏನು ಮಾಡಿದ್ದೆಂದು ಮೌಸಿನ ಒಡೆಯನಿಗೂ ಗೊತ್ತಿಲ್ಲ, ಅಶ್ರಫಣ್ಣನಿಗೂ ನೆನಪಿಲ್ಲ. ಅಂದಿನಿಂದ ಬಾಯಲ್ಲಿ ಪ್ರಶ್ನೆ ಕೇಳಬಹುದು, ಮುಟ್ಟುವಂತಿಲ್ಲ. ಅಶ್ರಫಣ್ಣ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ಕೂತು ಸಲಹೆ ಕೊಡುತ್ತಾರೆ. ಬೋಜಮ್ಮಕ್ಕನಿಗೆ ಅಷ್ಟೆಲ್ಲ ಸಂಯಮ ಸಾಧ್ಯವಿಲ್ಲ. ಅವರ ಕೈಗೆ ಕೆಲಸ ಬೇಕೇ ಬೇಕು, ಆದ್ದರಿಂದ ಸಭೆಗೆ ಬರುವಾಗ ಬೀನ್ಸ್ ತಂದು, ನಾರು ಬಿಡಿಸುತ್ತಾ ನಮ್ಮ ತಪ್ಪುಗಳನ್ನೂ ಬಿಡಿಸುತ್ತಾರೆ.

ಅಂತೂ ಗಂಟೆ ಮಾಡಿದೆ. ಹನಿ ಬಿದ್ದದ್ದನ್ನು ಗುರುತಿಸುವ ಪುಟ್ಟ ಫಲಕವನ್ನು ಅಂಗಳದಲ್ಲಿಟ್ಟೆ. ಅದರ ಮೂತಿಗೆ ಹಳೇ ಆಟೋ ಒಂದರ ಹಾರನ್ನು ಕಟ್ಟಿದೆ. ಅದು ಬಡಿದುಕೊಂಡಿತು ನೋಡಿ! ಬೆಳಗಿನ ಮಂಜಿಗೆ ಬಡಿದುಕೊಂಡಿತು, ತುಳಸಿಗೆ ಹಾಕಿದ ನೀರು ಸಿಡಿದರೆ ಬಡಿದುಕೊಂಡಿತು, ಪಕ್ಕದ ಮನೆಯ ನಾಯಿ ಹನಿಫಲಕದ ಮೇಲೆ ತನ್ನ ನಿತ್ಯಕರ್ಮ ಮುಗಿಸಿದಾಗಲಂತೂ ಹತ್ತು ನಿಮಿಷ ಬಡಿದುಕೊಂಡಿತು. ಬಳಗದ ಮೊರೆಹೋಗಿ ಪರದೆಯ ಚಿತ್ರ ತೆಗೆದು ಗುಂಪಿಗೆ ಕಳಿಸಿದೆ. ಅಡ್ಡಾದಿಡ್ಡಿ ತಂತಿಗಳ ಆ ಗೋಜಲನ್ನು ನೋಡಿ ಅಶ್ರಫಣ್ಣ ಬರೆದರು: "ಟೀಚರೇ, ಇದು ಪ್ರೋಗ್ರಾಮಾ, ನೂಪುಟ್ಟಾ?" ಶ್ಯಾವಿಗೆಯೆಳೆಯ ಆ ತಿಂಡಿಯ ಹೆಸರು ನನ್ನ ಕೃತಿಗೆ ಸಂದದ್ದೇ ತಡ, ಹದಿನಾಲ್ಕು ಮಂದಿ ನಗುವ ಮುಖ ಹಾಕಿದರು. ನನಗೆ ಮಡಚದ ಬಟ್ಟೆಯ ಮೇಲೆ ನೆಂಟರು ಬಂದು ಕೂತಷ್ಟು ಅವಮಾನವಾಯಿತು.

ಅವರು ಉತ್ತರ ಹುಡುಕುವ ಮೊದಲೇ ನಾನು ಕೆಲಸಕ್ಕೆ ಕುಳಿತೆ. ಇಡೀ ಮಧ್ಯಾಹ್ನ ಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿ, ಸೊಟ್ಟ ತಂತಿಗಳನ್ನೆಲ್ಲ ಅಳಿಸಿ ನೇರಗೆರೆಗಳನ್ನು ಎಳೆದು, ಕಾಪಿ ಪುಸ್ತಕದಷ್ಟು ಚೊಕ್ಕಟವಾದ ಹೊಸ ಚಿತ್ರವನ್ನು ಗುಂಪಿಗೆ ಹಾಕಿದೆ. ಎಲ್ಲರೂ ಮೆಚ್ಚಿದರು. ಪರಮಾಶ್ಚರ್ಯವೆಂದರೆ ಮರುದಿನ ಬೆಳಗಿನ ಮಂಜಿಗೆ ಗಂಟೆ ತುಟಿಪಿಟಕ್ಕೆನ್ನಲಿಲ್ಲ. ಅದರ ಮರುದಿನವೂ ಇಲ್ಲ. ಶುಚಿತ್ವದಿಂದ ಯಂತ್ರಕ್ಕೂ ಸದ್ಬುದ್ಧಿ ಬರುತ್ತದೆ ಎಂಬ ಅರ್ಥದ ಒಂದು ಪುಟ್ಟ ಉಪನ್ಯಾಸವನ್ನು ನಾನು ಗುಂಪಿನಲ್ಲಿ ಬಿತ್ತರಿಸಿದೆ. ಗೋಡೆಯ ಮೂಲೆಯಲ್ಲಿ ಪುಟ್ಟ ಕೆಂಪು ದೀಪವೊಂದು ದಿನಾ ಬೆಳಿಗ್ಗೆ ಹೊತ್ತಿಕೊಳ್ಳುತ್ತಿದ್ದುದನ್ನು ಕಂಡೆನಾದರೂ, ಪಾಪ, ಅದಕ್ಕೂ ಸಂತೋಷವಾಗಿರಬೇಕೆಂದು ಸುಮ್ಮನಾದೆ.

ನಾಲ್ಕನೆಯ ದಿನ ನಮ್ಮವರು ಇಸ್ತ್ರಿ ಅಂಗಿ ತೊಟ್ಟು, "ಗ್ಯಾರಂಟಿ ತಾನೇ?" ಎಂದು ಮೂರು ಸಲ ಕೇಳಿ, ನಾನು ಮೂರು ಸಲವೂ ಎದೆ ತಟ್ಟಿಕೊಂಡ ಮೇಲೆ ಕುಶಾಲನಗರದ ಬಸ್ಸು ಹಿಡಿದರು. ನಾನು ಊಟ ಮುಗಿಸಿ, ಪುಸ್ತಕ ಹಿಡಿದು ಒಳಕೋಣೆಯಲ್ಲಿ ಹಾಯಾಗಿ ಅಡ್ಡಾದೆ. ಸುಮಾರು ಮೂರು ಗಂಟೆಗೆ ಗುಂಪಿನಲ್ಲಿ ಬೋಜಮ್ಮಕ್ಕನ ಸಂದೇಶ: ಕಕ್ಕಬೆಯಲ್ಲಿ ಜೋರು ಮಳೆ, ವಿರಾಜಪೇಟೆ ಕಡೆ ಹೊರಟಿದೆ, ಕಣ ಇರುವವರು ನೋಡಿಕೊಳ್ಳಿ. "ನಮಗೇನು ಭಯ, ಗಂಟೆಯಿದೆ" ಎಂದು ಬರೆದು ಪುಟ ತಿರುಗಿಸಿದೆ. ಅರ್ಧ ಗಂಟೆಯಲ್ಲಿ ಅವರ ಫೋನೇ ಬಂತು.

"ಟೀಚರ್, ಗಂಟೆ ಇರಲಿ. ನಿಮ್ಮ ಮನೆಗೆ ಕಿಟಕಿ ಇದೆಯಾ?"

ಕಿಟಕಿ ಇತ್ತು. ಪರದೆ ಸರಿಸಿದೆ. ಅಯ್ಯೋ ದೇವರೇ! ಹೊರಗೆ ಹನಿಗಳು ಪಟಪಟನೆ ಬೀಳುತ್ತಿವೆ, ಒಳಗೆ ಕೆಂಪು ದೀಪ ಉಜ್ಜ್ವಲವಾಗಿ ಬೆಳಗುತ್ತಿದೆ, ಗಂಟೆ ಮಾತ್ರ ಮೌನವ್ರತದಲ್ಲಿದೆ. ಚಪ್ಪಲಿಯಿಲ್ಲದೆ ಕಣಕ್ಕೆ ಓಡಿದೆ. ತೋಟದಲ್ಲಿ ಕೊಯ್ಲಿಗಿದ್ದ, ಕೂಲಿಯವರ ಲೈನುಮನೆಯ ಸೆಲ್ವಿ ನನ್ನ ಬೊಬ್ಬೆ ಕೇಳಿ ಓಡಿಬಂದಳು. ಇಬ್ಬರೂ ಟಾರ್ಪಾಲಿನ ಎರಡು ಮೂಲೆ ಹಿಡಿದರೆ ಗಾಳಿ ಉಳಿದೆರಡು ಮೂಲೆ ಹಿಡಿದು ನಮ್ಮೊಡನೆ ಹಗ್ಗಜಗ್ಗಾಟಕ್ಕಿಳಿಯಿತು. ಅಷ್ಟರಲ್ಲಿ ವಿರಾಜಪೇಟೆಗೆ ಬನ್ನು ಹಾಕಲು ಬಂದಿದ್ದ ಅಶ್ರಫಣ್ಣನ ವ್ಯಾನು, ಬೋಜಮ್ಮಕ್ಕನ ಸಂದೇಶ ಓದಿ ಅವರು ಇತ್ತ ತಿರುಗಿಸಿದ್ದಂತೆ, ಗೇಟಿನೊಳಗೆ ನುಗ್ಗಿತು. ಮೂವರೂ ಸೇರಿ ರಾಶಿ ಮುಚ್ಚಿದೆವು. ಒಂದು ಅಂಚು ಮಾತ್ರ ನೆನೆಯಿತು. ನಾನು ಕಣದಲ್ಲೇ ಕುಕ್ಕರಿಸಿ ಮಗುವಿನ ಹಾಗೆ ಅತ್ತುಬಿಟ್ಟೆ. ಅಶ್ರಫಣ್ಣ ವ್ಯಾನಿನಿಂದ ಒಂದು ಬನ್ನು ತಂದು ಕೊಟ್ಟರು, ನಾನು ಅಳುತ್ತಲೇ ತಿಂದೆ.

ಸಂಜೆ ಬಂದ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ, ನೆನೆದ ಅಂಚಿಗೆ ಕೈಹಾಕಿ ನೋಡಿ, ನಾಳೆಯ ಬಿಸಿಲಿಗೆ ಸರಿಹೋಗುತ್ತದೆ ಎಂದರು. ಮಾರನೆಯ ಬೆಳಿಗ್ಗೆ ಮರದ ಕುರ್ಚಿಯನ್ನು ಅದೇ ಜಾಗದಲ್ಲಿಟ್ಟು ಕೂತರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ಭಾನುವಾರ ಬಳಗದ ಸಭೆ ನಮ್ಮ ಮನೆಯಲ್ಲೇ. ಗೇಟು ಕಿರ್ರೆಂದಿತು, ನನ್ನ ಕೈಗಳು ತಮ್ಮಷ್ಟಕ್ಕೆ ಬಟ್ಟೆಯ ರಾಶಿಯನ್ನು ತಬ್ಬಿಕೊಂಡವು. ಆವತ್ತು ಮಾತ್ರ ಓಡಲಿಲ್ಲ. ಚೊಕ್ಕಟ ಮಾಡಿ ಆದದ್ದು ಸಾಲದೇ ಎನ್ನಿಸಿ, ರಾಶಿಯನ್ನು ಕುರ್ಚಿಯ ಮೇಲೇ ಬಿಟ್ಟೆ. ಬೋಜಮ್ಮಕ್ಕ ಬಂದವರೇ ಆ ರಾಶಿಯನ್ನೆತ್ತಿ ಮಡಿಲಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಬೀನ್ಸ್ ಮರೆತು ಬಂದಿದ್ದರು. ಅಭ್ಯಾಸಬಲದಿಂದ ನಮ್ಮವರ ಬನಿಯನ್ನೊಂದನ್ನು ಕೈಗೆತ್ತಿಕೊಂಡು ಮಡಚತೊಡಗಿದರು. ನಾನು ಕಂಪ್ಯೂಟರಿನ ಮುಂದೆ ಕೂತೆ.

"ಈ ತಂತಿ ಎಲ್ಲಿಂದ ಹೊರಡುತ್ತೆ ಟೀಚರ್?" ಒಂದು ಬನಿಯನ್ ಮಡಚಿ ಆಯಿತು. "ಎಲ್ಲಿಗೆ ಹೋಗುತ್ತೆ?" ಒಂದು ಲಂಗ. ಗಂಟೆಗೆ, ಅಂದೆ. "ಹೋಗುತ್ತಾ, ಹೋದ ಹಾಗೆ ಕಾಣುತ್ತಾ? ಗಂಟೆಯ ಪೆಟ್ಟಿಗೆ ಸ್ವಲ್ಪ ಆಚೆ ಸರಿಸಿ." ಅಶ್ರಫಣ್ಣ ತಮ್ಮ ಕೈಗಳ ಮೇಲೆ ಕೂತು ಚಡಪಡಿಸುತ್ತಿದ್ದರು. ನಾನು ಪೆಟ್ಟಿಗೆಯನ್ನು ಎಳೆದೆ. ತಂತಿ ಅದರೊಡನೆ ಬರಲಿಲ್ಲ! ಅಂದಕ್ಕೆಂದು ನಾನೆಳೆದ ಆ ನೇರಗೆರೆ ಗಂಟೆಯನ್ನು ಸೋಕದೆ, ಅದರ ಬೆನ್ನ ಹಿಂದಿನಿಂದ ನುಸುಳಿ ನೇರವಾಗಿ ದೀಪದ ಪೆಟ್ಟಿಗೆಗೆ ಹೋಗಿ ಸೇರಿತ್ತು. ಮಂಚದ ಕೆಳಗೆ ನೂಕುವುದನ್ನು ನಾನು ಕಂಪ್ಯೂಟರಿನಲ್ಲೂ ಮಾಡಿದ್ದೆ.

ಸೊಟ್ಟಗೆ, ಎಲ್ಲರಿಗೂ ಕಾಣುವ ಹಾಗೆ, ಗಂಟೆಗೆ ಒಂದು ತಂತಿ ಎಳೆದೆ. ಒಂದೆರಡು ಹನಿಗೆ ಬೆದರದೆ, ಹನಿ ಬೀಳುತ್ತಲೇ ಇದ್ದರೆ ಮಾತ್ರ ಕೂಗುವಂತೆ ಇನ್ನೊಂದು ಪೆಟ್ಟಿಗೆಯನ್ನೂ ಬೋಜಮ್ಮಕ್ಕ ನನ್ನಿಂದಲೇ ಕೂರಿಸಿದರು. ಅಶ್ರಫಣ್ಣ ಚೊಂಬಿನಿಂದ ಹನಿಫಲಕಕ್ಕೆ ನೀರು ಸುರಿದರು. ಆಟೋ ಹಾರನ್ನು ಮೊಳಗಿದ ರಭಸಕ್ಕೆ ಕಣದಲ್ಲಿ ತೂಕಡಿಸುತ್ತಿದ್ದ ನಮ್ಮವರು ಮೊಣಕಾಲು ನೋವನ್ನೂ ಮರೆತು ಎದ್ದುನಿಂತರು. ಆಮೇಲೆ ಕಿಟಕಿಯಲ್ಲಿ ಇಣುಕಿ, ಬೆತ್ತದ ಕುರ್ಚಿ ಬೋಜಮ್ಮಕ್ಕನ ಪಾಲಾಗಿ ನಾಲ್ಕಾರು ಮಂದಿ ನಿಂತೇ ಇರುವುದನ್ನು ಕಂಡು, ತಮ್ಮ ಮರದ ಕುರ್ಚಿಯನ್ನು ಎತ್ತಿಕೊಂಡು ಒಳಗೆ ಬಂದರು. ಆ ಕುರ್ಚಿ ಮತ್ತೆ ಕಣಕ್ಕೆ ಹೋಗಿಲ್ಲ.

ಈಗಲೂ ನೆಂಟರು ಬಂದರೆ ಆ ಎರಡು ನಿಮಿಷದ ಓಟ ನನಗೆ ತಪ್ಪಿಲ್ಲ. ಹುಟ್ಟುಗುಣ ಒಂದು ಗಂಟೆಯ ಸದ್ದಿಗೆ ಹೋಗುವಂಥದ್ದಲ್ಲ. ಆದರೆ ತಂತಿ ಬಳಗದವರು ಬರುವ ದಿನ ಮಾತ್ರ ಮಂಚದ ಕೆಳಗಿನದ್ದನ್ನೂ ಹೊರಗೆಳೆದು ಬೆತ್ತದ ಕುರ್ಚಿಯ ಮೇಲೆ ಪೇರಿಸುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆಯೇನು, ಬೋಜಮ್ಮಕ್ಕ ಅಷ್ಟು ಚೆನ್ನಾಗಿ ಮಡಚುತ್ತಾರೆಂದು, ಬೀರುವಿನಲ್ಲಿರುವ ನಾಲ್ಕು ಸೀರೆಗಳನ್ನೂ ಬಿಡಿಸಿ ಹಾಕಿರುತ್ತೇನೆ.