ನಾನು ಕೂತಿದ್ದ ಬಂಡೆ

ಹೋದ ವಾರ ನಮ್ಮ ಹಿತ್ತಲ ಮೋರಿ ಕಟ್ಟಿಕೊಂಡಿತು. ಗಾರೆಯವನನ್ನು ಕರೆಸಿದರೆ ಆತ ಮೊದಲು ಮಾಡಿದ್ದು ನಾವು ಬಟ್ಟೆ ಒಗೆಯುವ ಬಂಡೆಯನ್ನು ಹಾರೆ ಹಾಕಿ ಮಗುಚಿದ್ದು. "ಸಾರ್, ಅಡಿಯಾಗ ಏನೋ ಬರ್ದೈತಿ ನೋಡ್ರಿ," ಎಂದ. ನೀರು ಚೆಲ್ಲಿ ಉಜ್ಜಿದೆ. ಡಾಂಬರಿನಲ್ಲಿ ಬರೆದ ದಪ್ಪ ತೆಲುಗು ಅಕ್ಷರ: ಖಾಜಾ. ನನ್ನ ಹೆಸರು ಅದಲ್ಲ. ನನ್ನ ಬಂಡೆ, ನನ್ನ ಪಾಲು ಎಂದು ಹನ್ನೆರಡು ವರ್ಷ ಬಂದವರಿಗೆಲ್ಲ ತೋರಿಸಿದ್ದೆ.

ಇದು ಒಂದು ಕಾಲಕ್ಕೆ ಸ್ಟೇಡಿಯಮ್ಮಿನ ಭಾಗವಾಗಿತ್ತು ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ತೆಲುಗು ಗಡಿಯ ನಮ್ಮ ಆದೋನಿಯಲ್ಲಿ ಪಂಪಣ್ಣ ಸಾವುಕಾರರ ಹಳೆ ಹತ್ತಿ ಮಿಲ್ಲಿನ ಹಿಂದೆ ಒಂದು ಬಯಲು. ಅಲ್ಲಿ ಸಂಜೆ ನಮ್ಮೂರ ಹುಡುಗರ ತಂಡದ ಫುಟ್‌ಬಾಲು. ನಿಂತು ನೋಡಿ ಕಾಲು ಸೋತ ನಾವು ಮನೆಗೊಂದರಂತೆ ಕಡಪ ಬಂಡೆ ತಂದು ಮಣ್ಣಿನ ದಿಬ್ಬಕ್ಕೆ ಮೆಟ್ಟಿಲಾಗಿ ಹಾಸಿದೆವು. ಕೊಟ್ಟವರ ಹೆಸರು ಬೇಡವೇ? ಬರೆದೆವು, ಆದರೆ ಅಡಿಭಾಗಕ್ಕೆ. ಅಕ್ಷರದ ಮೇಲೆ ಕಾಲಿಡಬಾರದು, ಕೂಡುವುದಂತೂ ದೂರದ ಮಾತು. ಹೀಗಾಗಿ ಹಾಸಿದ ಮರುದಿನವೇ ಯಾರ ಬಂಡೆ ಯಾವುದೆಂದು ಯಾರಿಗೂ ತಿಳಿಯದಾಯಿತು. ದಿನಾ ಕೂಡುವ ಜಾಗವೇ ತನ್ನದೆಂದು ಒಬ್ಬೊಬ್ಬರೂ ನಂಬಿಕೊಂಡರು.

ಅಲ್ಲಿ ಆಟಕ್ಕಿಂತ ಮಾತೇ ಜಾಸ್ತಿ. ನಮ್ಮಲ್ಲಿ ಅರ್ಧ ಜನ ಟಿವಿಯಲ್ಲಿ ನೋಡಿ ನೋಡಿ ಇಂಗ್ಲೆಂಡಿನ ಒಂದು ಕ್ಲಬ್ಬಿನ ಭಕ್ತರಾಗಿದ್ದರು. ಅದನ್ನು ಯಾವುದೋ ದೇಶದ ಸಾವುಕಾರ ಕೊಳ್ಳುತ್ತಾನಂತೆ, ಸ್ಟೇಡಿಯಂ ಕೆಡವಿ ಹೊಸದು ಕಟ್ಟುತ್ತಾನಂತೆ, ಟಿಕೆಟ್ ದರ ಏರಿಸುತ್ತಾನಂತೆ ಎಂಬ ಸುದ್ದಿ ಬಂದಾಗ ನಮಗೆ ಊಟ ಸೇರಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತನಾದ ನಾನು, ನನ್ನ ಸಹಿಗಾಗಿ ಲಂಡನ್ನಿನಲ್ಲಿ ಫೈಲು ಕಾದು ಕೂತಿದೆಯೇನೋ ಎಂಬಂತೆ ಕೂಗಾಡುತ್ತಿದ್ದೆ: "ಕ್ಲಬ್ಬು ನೋಡೋರ್ದು! ದುಡ್ಡಿದ್ದೋರ್ದಲ್ಲ!" ಖಾಜಾ ಮಾತ್ರ ಒಪ್ಪುತ್ತಿರಲಿಲ್ಲ. ಅವನು ನಮ್ಮ ತಂಡದ ಹಳೆ ಗೋಲ್‌ಕೀಪರು, ಬಸ್ ಸ್ಟ್ಯಾಂಡಿನ ಹತ್ತಿರ ಪಂಚರ್ ಅಂಗಡಿ. "ಯಾರ್ದೂ ಅಲ್ಲ ಭಾಯ್," ಎನ್ನುತ್ತಿದ್ದ. "ಯಾವನಾರ ನಂದು ಅಂದ ಅಂದ್ರ ಆಟ ಕೆಡ್ತೈತಿ."

ಒಂದು ಸಂಜೆ ಪಂಪಣ್ಣ ಸಾವುಕಾರರೇ ದಿಬ್ಬದ ಹತ್ತಿರ ಬಂದರು. "ಸುತ್ತ ಗ್ವಾಡಿ ಕಟ್ಟಿಸ್ತೀನಿ, ಮ್ಯಾಲ ತಗಡು ಹಾಕಿಸ್ತೀನಿ. ಟೀಮಿಗೆ ಮಿಲ್ಲಿನ ಹೆಸರು. ಸಣ್ಣದೊಂದು ಟಿಕೆಟ್ ಇಟ್ರ ಹುಡುಗ್ರ ಬೂಟಿನ ಖರ್ಚಾರ ಹುಟ್ತೈತಿ," ಎಂದರು. ಈಗ ಯೋಚಿಸಿದರೆ ಅದರಲ್ಲಿ ಅಂಥ ತಪ್ಪೇನಿತ್ತೋ ಗೊತ್ತಾಗುವುದಿಲ್ಲ. ಆಗ ನಮ್ಮ ತಲೆಯಲ್ಲಿ ಇಂಗ್ಲೆಂಡ್ ತುಂಬಿತ್ತು.

"ಟೀಮು ನಮ್ದು, ಸಾವುಕಾರ್ರೆ," ಎಂದೆವು.

"ಜಾಗ ನಂದು, ಬಾಲು ನಂದು, ಅಂಗಿ ನಂದು. ನಿಮ್ದೇನೈತ್ರಪ್ಪಾ ಇಲ್ಲಿ?"

"ಬಂಡೆ ನಮ್ದು!" ಎಂದು ಕೂಗಿದವನು ನಾನೇ.

"ಹಂಗಾರ ಎತ್ಕೊಂಡು ಹೋಗ್ರಿ," ಎಂದು ಅವರು ಹೊರಟುಹೋದರು.

ಮರುದಿನ ಬೆಳಿಗ್ಗೆ ಕೈಗಾಡಿ ತೆಗೆದುಕೊಂಡು ಎಲ್ಲರಿಗಿಂತ ಮೊದಲು ಹೋದೆ. ಪ್ರತಿಭಟನೆ ಎಂದುಕೊಂಡಿದ್ದೆ. ಖಾಜಾ ಅಡ್ಡ ನಿಂತ. "ತಪ್ಪು ಮಾಡ್ತಿ. ಕೂಡಾಕ ಜಾಗ ಇಲ್ಲಂದ್ರ ಜನ ಬರಾದಿಲ್ಲ, ಜನ ಬರ್ಲಿಲ್ಲಂದ್ರ ಹುಡುಗ್ರು ಆಡಾದಿಲ್ಲ." ನಾನು ಕೇಳಲಿಲ್ಲ. ಆದರೆ ಬಂಡೆ ಒಬ್ಬನಿಂದ ಏಳುವಂಥದಲ್ಲ. ಬೈಯುತ್ತಲೇ ಖಾಜಾ ಇನ್ನೊಂದು ತುದಿ ಹಿಡಿದ. ನನ್ನನ್ನು ನೋಡಿ ಉಳಿದವರೂ ಬಂದು, ಅಡಿಯ ಹೆಸರು ನೋಡದೆಯೇ ತಾವು ಕೂಡುತ್ತಿದ್ದುದನ್ನು ಹೊತ್ತೊಯ್ದರು. ಸಂಜೆಯೊಳಗೆ ದಿಬ್ಬ ಬೋಳಾಯಿತು. ಖಾಜಾ ಮಾತ್ರ ತನ್ನದೆಲ್ಲಿ ಎಂದು ಹುಡುಕಲೂ ಇಲ್ಲ.

ಸಾವುಕಾರರು ಬಂದು ನೋಡಿ ದಂಗಾದರು. "ಸಿಟ್ಟಿನಾಗ ಒಂದು ಮಾತಂದ್ರ ಖರೇನ ಹೊತ್ಕೊಂಡು ಹೋಗಾದೇನ್ರಪ್ಪಾ?" ಎಂದರು. ಅವರ ಕಣ್ಣು ಒದ್ದೆಯಾಗಿತ್ತು ಅಂತ ನನ್ನ ನೆನಪು. ಇರಲಿಕ್ಕಿಲ್ಲ ಅಂತ ನನ್ನ ಹೆಂಡತಿ. ಅವರು ಗೋಡೆಯನ್ನೂ ಕಟ್ಟಿಸಲಿಲ್ಲ, ತಗಡನ್ನೂ ಹಾಕಿಸಲಿಲ್ಲ. ಖಾಜಾ ಹೇಳಿದಂತೆಯೇ ಆಯಿತು. ಈಗ ಅಲ್ಲಿ ಜಾಲಿ ಬೆಳೆದಿದೆ. ತಂಡವನ್ನು ಕೆಡಿಸಿದವರು ಯಾರು? ಕೆಲವು ದಿನ ಸಾವುಕಾರರು ಅನಿಸುತ್ತದೆ, ಕೆಲವು ದಿನ ನಾನು ಅನಿಸುತ್ತದೆ. ಇಷ್ಟು ವರ್ಷವಾದರೂ ಬಗೆಹರಿದಿಲ್ಲ.

ಬಂಡೆ ಮಗುಚಿದ ದಿನವೇ ಖಾಜಾನ ಅಂಗಡಿಗೆ ಹೋದೆ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡುತ್ತಿದ್ದ. ವಿಷಯ ಹೇಳಿದೆ. ತಲೆ ಎತ್ತದೆ "ಗೊತ್ತೈತಿ" ಎಂದ.

"ಹೆಂಗ?"

"ಆ ಕಡಿ ತುದಿ ನಾನ ಹಿಡಿದಿದ್ನಲ್ಲ. ಗಾಡಿಗೆ ಏರಿಸುವಾಗ ಹೆಸರು ಕಾಣ್ತು."

"ಮತ್ತ ಅವತ್ತ ಯಾಕ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ ಭಾಯ್? ಇದು ನಂದು ಅನ್ಬೇಕಾಗ್ತಿತ್ತು."

ನನಗೆ ತುಂಬ ನಾಚಿಕೆಯಾಯಿತು. ಅಂಗಡಿಯ ಮುಂದೆ ಜೋತಾಡುತ್ತಿದ್ದ ಹಳೆ ಟೈರುಗಳನ್ನು ಎಣಿಸುತ್ತ ನಿಂತೆ.

ನಿನ್ನೆ ಬಂಡೆಯನ್ನು ಅವನ ಅಂಗಡಿಯ ಮುಂದೆ, ಬೇವಿನ ಮರದ ಕೆಳಗೆ, ಎರಡು ಕಲ್ಲಿನ ಮೇಲೆ ಇಳಿಸಿದೆವು. ಒಂದು ತುದಿ ನಾನು, ಒಂದು ತುದಿ ಅವನು. ಹೆಸರು ಅಡಿಯಲ್ಲೇ ಇರಲಿ ಎಂದು ಅವನೇ ಹೇಳಿದ. ಬೆವರು ಒರೆಸಿಕೊಳ್ಳುವಷ್ಟರಲ್ಲಿ, ಸ್ಕೂಟರಿನ ಗಾಲಿ ರಿಪೇರಿಗೆ ಕಾಯುತ್ತಿದ್ದ ಪಕ್ಕದ ಕೋಸಗಿ ಊರಿನವನೊಬ್ಬ ಬಂದು ಅದರ ನಡುವೆಯೇ ಕೂತುಬಿಟ್ಟ. ಆಮೇಲೆ ಏನನ್ನಿಸಿತೋ, "ಯಾರ್ದಣ್ಣಾ ಈ ಬಂಡೆ?" ಎಂದು ಕೇಳಿದ.

ಬಾಯಿ ತೆರೆದೆ. ಖಾಜಾನದೇ? ಅವನು ಎಂದೂ ಹಾಗೆ ಅಂದವನಲ್ಲ. ನನ್ನದೇ? ನನ್ನದು ಊರಲ್ಲಿ ಯಾರ ಬಚ್ಚಲಲ್ಲಿದೆಯೋ. ಖಾಜಾ ಪಂಪು ಹೊಡೆಯುವುದನ್ನು ನಿಲ್ಲಿಸಿ, ನಾನು ಏನು ಹೇಳುತ್ತೇನೋ ಎಂದು ನೋಡುತ್ತಿದ್ದ.

"ಸ್ವಲ್ಪ ಆ ಕಡಿ ಸರ್ಕೊಳಪ್ಪ," ಎಂದೆ. "ನಾನೂ ಕೂಡ್ತೀನಿ."